ಬ್ಯಾರೆ ನಮೂನಿ ಮಂದಿ

ಸುರಪುರ
14 ಜುಲೈ 2025, ಸೋಮವಾರ

ಶಹಾಪುರದ ಗುಂಪಿನ ಮುಖ್ಯಸ್ಥರಿಗೆ,

ನಾನು ಬಸವಂತ್ರಾಯ. ಸುರಪುರ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದೆ. ನಿವೃತ್ತನಾಗಿ ಎರಡು ವರ್ಷ, ಒಂದು ತಿಂಗಳು, ಹದಿನಾಲ್ಕು ದಿನ ಆಯಿತು.

ಇದು ದೂರು. ನಿಮ್ಮ ಕಡೆಯವರು ಯಾರೋ ನಮ್ಮ ನಿಲ್ದಾಣದ ವೇಳಾಪಟ್ಟಿಯ ಮೇಲೆ ಹಳದಿ ಚೀಟಿ ಅಂಟಿಸಿದ್ದಾರೆ. ಇಡೀ ನಿಲ್ದಾಣದ ಗೋಡೆ ಖಾಲಿ ಬಿದ್ದಿರುವಾಗ ಅದು ಹೋಗಿ ಸರಿಯಾಗಿ ಕಕ್ಕೇರಾ ಬಸ್ಸಿನ ವೇಳೆಯ ಮೇಲೆ ಕೂತಿದೆ. ಶುಕ್ರವಾರ ಒಬ್ಬ ಮುದುಕಿ ಬಸ್ಸೇ ರದ್ದಾಗಿದೆ ಎಂದು ತಿಳಿದು ಮನೆಗೆ ಹೊರಟಿದ್ದಳು. ನಾನು ಅಲ್ಲಿದ್ದೆ, ಆದ್ದರಿಂದ ಅವಳಿಗೆ ಬಸ್ಸು ಸಿಕ್ಕಿತು. ನಾನು ಎಲ್ಲ ಹೊತ್ತೂ ಅಲ್ಲಿರುವುದಿಲ್ಲ.

ಕಿತ್ತರೆ ಹರಿಯುತ್ತದೆ ಎಂದು ಕೀಳದೆ ಚೀಟಿ ಓದಿದೆ. ನಾಲ್ಕು ಪ್ರಶ್ನೆ ಕೇಳಿದ್ದೀರಿ. ನಿಮ್ಮನ್ನು ಯಾರಾದರೂ "ಇದು ಬ್ಯಾರೆ ನಮೂನಿ ಐತಿ" ಅಂದಿದ್ದಾರೆಯೇ? ಒಂದು ವಿಷಯ ಹಿಡಿದರೆ ಊಟ ಮರೆಯುತ್ತೀರಾ? ಮದುವೆ ಮನೆಯ ಸದ್ದು ತಡೆಯಲಾರದೆ ಎದ್ದು ಹೋಗುತ್ತೀರಾ? ಜನರ ನಡುವೆ ಇದ್ದು ಬಂದರೆ ಮರುದಿನ ಮಾತೇ ಬೇಡ ಅನ್ನಿಸುತ್ತದೆಯೇ? ಇಂಥ ದೊಡ್ಡವರಿಗಾಗಿ ಒಂದು ವಾಟ್ಸಾಪ್ ಗುಂಪು ಇದೆ ಎಂದು ಬರೆದು, ಒಂದು ಚೌಕದ ಚುಕ್ಕಿ ಚಿತ್ರ ಮತ್ತು ವಿಳಾಸ ಹಾಕಿದ್ದೀರಿ. ಚುಕ್ಕಿ ಚಿತ್ರ ಏನು ಮಾಡುತ್ತದೋ ನನಗೆ ತಿಳಿಯದು. ನನ್ನದು ಗುಂಡಿ ಒತ್ತುವ ಫೋನು. ಅದು ಬಡಿದುಕೊಂಡರೆ ನನ್ನ ಎದೆ ಹಾರುತ್ತದೆ, ಆದ್ದರಿಂದ ನನ್ನ ಹೆಂಡತಿಯೇ ಎತ್ತುತ್ತಾಳೆ.

ದಯವಿಟ್ಟು ಚೀಟಿಯನ್ನು ಒಂದು ಗೇಣು ಬಲಕ್ಕೆ ಹಚ್ಚಿಸಿ.

ನಾಲ್ಕು ಪ್ರಶ್ನೆಗೂ ನನ್ನ ಉತ್ತರ ಹೌದು. ಇದಕ್ಕೆ ಏನಾದರೂ ಹೆಸರು ಇದೆಯೇ?

ಕಕ್ಕೇರಾ ಬಸ್ಸಿನ ಪರವಾಗಿ,
ಬಸವಂತ್ರಾಯ


ಶಹಾಪುರ
19 ಜುಲೈ 2025

ಬಸವಂತ್ರಾಯ ಸರ್ ಅವರಿಗೆ,

ತಪ್ಪಾಯಿತು. ಅಂಟಿಸಿದವನು ನನ್ನ ತಮ್ಮ ಅಲ್ತಾಫ್. ಔಷಧ ಅಂಗಡಿಗಳಿಗೆ ಮಾಲು ಹಾಕಲು ಸುರಪುರಕ್ಕೆ ಬರುತ್ತಾನೆ. ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಹಚ್ಚು ಎಂದಿದ್ದೆ, ಹಚ್ಚಿ ಬಂದಿದ್ದಾನೆ. ಸೋಮವಾರ ಅವನೇ ಬಂದು ಸರಿಸುತ್ತಾನೆ. ಗೇಣು ಅಳೆಯುವುದಕ್ಕೆ ನೀವು ಅಲ್ಲಿ ಇರುತ್ತೀರಿ ಎಂದು ನನಗೆ ಯಾಕೋ ಖಾತ್ರಿ.

ನಾನು ಉಮೆಸಲ್ಮಾ, ಮೂವತ್ತನಾಲ್ಕು ವರ್ಷ. ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊದಲು ಒಂದು ಶಾಲೆಯಲ್ಲಿದ್ದೆ. ಪಾಠ ಸಲೀಸಾಗಿತ್ತು, ಸ್ಟಾಫ್ ರೂಮು ನನ್ನನ್ನು ಮುಗಿಸಿತು. ಎಂಟು ಮಂದಿ ಒಟ್ಟಿಗೆ ಮಾತಾಡಿದರೆ ನನಗೆ ಎಂಟೂ ಮಾತು ಒಂದೇ ಸಮನೆ ಕೇಳುತ್ತವೆ, ಒಂದೂ ತಿಳಿಯುವುದಿಲ್ಲ. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಕಲಬುರಗಿಯ ಒಬ್ಬ ಡಾಕ್ಟರು ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದರು. ನನ್ನ ಅಮ್ಮ ಚಮನಬೀ ಔಷಧ ಕೇಳಿದಳು. ಡಾಕ್ಟರು ನಕ್ಕು, "ಇದು ರೋಗ ಅಲ್ಲಮ್ಮ, ಮಿದುಳಿನ ನಮೂನೆ" ಎಂದರು. ದಾರಿಯುದ್ದಕ್ಕೂ ಅಮ್ಮ ಔಷಧ ಇಲ್ಲವೆಂದು ಅತ್ತಳು, ನಾನು ಹೆಸರು ಇದೆಯೆಂದು ಅತ್ತೆ.

ನಿಮಗೂ ಇದೇ ಎಂದು ನಾನು ಹೇಳಲಾರೆ, ನಾನು ಡಾಕ್ಟರ್ ಅಲ್ಲ. ಗುಂಪಿನಲ್ಲಿ ನಮೂನೆಗಳು ಬೇಕಾದಷ್ಟಿವೆ. ಬುದ್ಧಿ ಮೂರು ಹೆಜ್ಜೆ ಮುಂದೆ ಓಡಿ ಬದುಕು ಹಿಂದೆ ಉಳಿದವರು, ಒಂದು ಕಡೆ ಹತ್ತು ನಿಮಿಷ ಕೂರಲಾರದವರು, ಓದಲು ಹೋದರೆ ಕಣ್ಣ ಮುಂದೆ ಅಕ್ಷರ ಕುಣಿಯುವವರು. ಈಗ ಇಪ್ಪತ್ತಾರು ಮಂದಿ ಇದ್ದೇವೆ. ಗುಂಪಿನ ಹೆಸರು "ಬ್ಯಾರೆ ನಮೂನಿ". ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಬೈಸಿಕೊಂಡ ಪೋರರೆಲ್ಲ ಒಂದೇ ದಾರಿಯಲ್ಲಿ ಸಿಕ್ಕರೆ ಹೇಗಿರುತ್ತದೆ ಎಂಬ ಕುತೂಹಲ ನನಗೆ.

ನಿಮಗೆ ವಾಟ್ಸಾಪ್ ಬೇಕಿಲ್ಲ. ಪತ್ರ ಬರೆಯಿರಿ. ಗುಂಪಿಗೆ ಹೋಗಬಹುದಾದ ಸಾಲಿನ ಪಕ್ಕ ಒಂದು ಗೆರೆ ಎಳೆಯಿರಿ, ಅದನ್ನಷ್ಟೇ ನಾನು ಟೈಪ್ ಮಾಡಿ ಹಾಕುತ್ತೇನೆ. ಇಪ್ಪತ್ತೇಳನೆಯವರು ಅಂಚೆಯಲ್ಲಿ ಇರಲಿ.

ನಿವೃತ್ತರಾದ ಮೇಲೂ ಶುಕ್ರವಾರ ನಿಲ್ದಾಣದಲ್ಲಿ ಏನು ಮಾಡುತ್ತಿದ್ದಿರಿ? ಬೈಯುವುದಕ್ಕೆ ಕೇಳುತ್ತಿಲ್ಲ, ತಿಳಿಯಬೇಕು ಅನ್ನಿಸಿತು.

ಒಂದು ಗೇಣು ತಪ್ಪಿದವಳು,
ಉಮೆಸಲ್ಮಾ


ಸುರಪುರ
2 ಆಗಸ್ಟ್ 2025, ಶನಿವಾರ

ಉಮೆಸಲ್ಮಾ ಮೇಡಂ ಅವರಿಗೆ,

ಚೀಟಿ ಸರಿದಿದೆ. ನಿಮ್ಮ ತಮ್ಮ ಒಳ್ಳೆಯವನು, ಆದರೆ ಗೇಣು ಅಳೆಯಲು ಬಿಡಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ. ನಾನು ದಿನಾ ಹೋಗಿ ಬಸ್ಸು ಬಂದ ವೇಳೆ, ಹೋದ ವೇಳೆ ಬರೆಯುತ್ತೇನೆ. ನೌಕರಿಯಲ್ಲಿದ್ದಾಗ ಅದು ಕೆಲಸವಾಗಿತ್ತು, ಈಗ ಹುಚ್ಚು ಅನ್ನುತ್ತಾರೆ. ಬಸ್ಸೂ ಅದೇ, ಪುಸ್ತಕವೂ ಅದೇ. ಈಗಿನ ಕಂಟ್ರೋಲರ್ ಗುರಣ್ಣ ನಗುತ್ತಾನೆ, ಆದರೆ ಲಿಂಗಸುಗೂರು ಬಸ್ಸು ತಡವಾದರೆ "ಎಷ್ಟೊತ್ತಿಗೆ ಬರ್ತದ್ರಿ ಕಾಕಾ?" ಎಂದು ನನ್ನನ್ನೇ ಕೇಳುತ್ತಾನೆ. ಮನೆಯಲ್ಲಿ ರೇಣುಕಾದೇವಿಯ ಮಾತು ಬೇರೆ. "ಊರ ಬಸ್ಸೆಲ್ಲಾ ಬರದಿಟ್ಟೀರಿ, ಸಂತ್ಯಾಗಿಂದ ಉಳ್ಳಾಗಡ್ಡಿ ತರೂದು ಮಾತ್ರ ನೆನಪಿರಂಗಿಲ್ಲ."

ಮುಂದಿನದಕ್ಕೆ ಗೆರೆ ಎಳೆದಿದ್ದೇನೆ, ಗುಂಪಿಗೆ ಹಾಕಬಹುದು.

ನನ್ನ ಮದುವೆಯಲ್ಲಿ ಅಕ್ಷತೆ ಬಿದ್ದ ಕೂಡಲೇ ನಾನು ಕಾಣೆಯಾದೆ. ಎರಡು ಊರಿನ ಬೀಗರು ಹುಡುಕಿದರು. ನಾನು ಬೀಗರ ಬಸ್ಸಿನಲ್ಲಿ ಎಲ್ಲ ಗಾಜು ಏರಿಸಿಕೊಂಡು ಒಬ್ಬನೇ ಕೂತಿದ್ದೆ. ಬ್ಯಾಂಡಿನ ಸದ್ದು ಹಲ್ಲಿನೊಳಗೆ ಕೊರೆಯುತ್ತಿತ್ತು. ಹುಡುಗನಿಗೆ ಹುಡುಗಿ ಮನಸ್ಸಿಗೆ ಬಂದಿಲ್ಲ ಎಂದು ಅಂದೇ ಸುದ್ದಿಯಾಯಿತು. ಸದ್ದಿಗೆ ಹೆದರಿ ಓಡಿದೆ ಎಂದು ಯಾವ ಗಂಡಸು ಹೇಳಿಕೊಳ್ಳುತ್ತಾನೆ? ಮೂವತ್ತಾರು ವರ್ಷ ನಾನು ಬಾಯಿ ಬಿಡಲಿಲ್ಲ.

ಕಳೆದ ವಾರ ನಿಮ್ಮ ನಾಲ್ಕು ಪ್ರಶ್ನೆಗಳನ್ನು ರೇಣುಕಾದೇವಿಗೆ ಓದಿ ಹೇಳಿದೆ. ಮೂರನೆಯದಕ್ಕೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹಂಗಾದ್ರ ಅವತ್ತ ನನ್ನ ಮ್ಯಾಲ ಸಿಟ್ಟಾಗಿ ಹೋಗಿರಲಿಲ್ಲೇನ್ರಿ ನೀವು?" ಎಂದು ಕೇಳಿದಳು. ಇಲ್ಲ ಎಂದೆ. ಆಮೇಲೆ ಹೆಂಚಿನ ಮೇಲಿನ ರೊಟ್ಟಿ ಸೀದದ್ದಕ್ಕೆ ನನ್ನನ್ನೇ ಬೈದಳು.

ಗೆರೆ ಇಲ್ಲಿಗೆ ಮುಗಿಯಿತು.

ನಿಮ್ಮ ಇಪ್ಪತ್ತೇಳನೆಯವನು,
ಬಸವಂತ್ರಾಯ


ಶಹಾಪುರ
11 ಅಕ್ಟೋಬರ್ 2025

ಬಸವಂತ್ರಾಯ ಕಾಕಾ,

ಮೇಡಂ ಅನ್ನುವುದನ್ನು ಬಿಟ್ಟುಬಿಡಿ. ಸ್ಟಾಫ್ ರೂಮು ನೆನಪಾಗುತ್ತದೆ.

ನಿಮ್ಮ ಮದುವೆ ಗುಂಪಿನಲ್ಲಿ ನಾಲ್ಕು ದಿನ ಓಡಿತು. ಇಪ್ಪತ್ತಾರು ಮಂದಿಯಲ್ಲಿ ಒಂಬತ್ತು ಮಂದಿ ತಮ್ಮ ತಮ್ಮ ಮದುವೆಗಳಿಂದ ಕಾಣೆಯಾಗಿದ್ದರಂತೆ! ಒಬ್ಬ ಜೋಳ ತುಂಬುವ ನೆಲದೊಳಗಿನ ಹಗೇವಿಗೆ ಇಳಿದು ಕೂತಿದ್ದನಂತೆ. ಈಗ ನಾವು ಐವತ್ತೆಂಟು. ಒಂದು ಸಂಗತಿ ನನಗೆ ಬಿಡಿಸಲಾಗದ ಲೆಕ್ಕದ ಹಾಗೆ ಕಾಡುತ್ತಿದೆ. ಇಷ್ಟು ದಿನ ಇವರೆಲ್ಲ ಎಲ್ಲಿದ್ದರು? ವಡಗೇರಾದಲ್ಲಿ, ಕಕ್ಕೇರಾದಲ್ಲಿ, ನಮ್ಮ ಪಕ್ಕದ ಓಣಿಯಲ್ಲೇ ಇದ್ದರು. ಪ್ರತಿಯೊಬ್ಬರೂ ತಾವೊಬ್ಬರೇ ಎಂದುಕೊಂಡಿದ್ದರು.

ಗುಂಪಿಗೆ ನಿಯಮ ಮಾಡುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಹೂವಿನ ಚಿತ್ರದ ಶುಭೋದಯ ಹಾಕಬಾರದು. ಓದಿ ಉತ್ತರ ಕೊಡದವರನ್ನು ಯಾಕೆ ಎಂದು ಕೇಳಬಾರದು. ಬರೆಯದೆ ದನಿ ಮುದ್ರಿಸಿ ಕಳಿಸುವವರು ಅದರೊಳಗೇನಿದೆ ಎಂದು ಒಂದು ಸಾಲು ಬರೆಯಬೇಕು, ಓದಲು ಬಾರದವರಿಗೆ ಅದರಿಂದ ವಿನಾಯಿತಿ. ಯಾರೂ ಯಾರ ಫೋಟೋ ಕೇಳಬಾರದು. ಹೇಳಿದ್ದನ್ನೇ ಅರ್ಥ ಮಾಡಿಕೊಳ್ಳಬೇಕು, ಹೇಳದ್ದನ್ನು ಊಹಿಸಬಾರದು. ಈ ಕೊನೆಯದಕ್ಕೆ ಎಲ್ಲರೂ ಚಪ್ಪಾಳೆ ಒತ್ತಿದರು.

ಮೊನ್ನೆ ವಡಗೇರಾದ ಅಂಗನವಾಡಿಯ ಮೌನಮ್ಮ ಒಂದು ಪ್ರಶ್ನೆ ಹಾಕಿದಳು. ತಲೆನೋವು ಎಂದು ಸುಳ್ಳು ಹೇಳದೆ, ಅತ್ತೆಗೆ ಬೇಸರವಾಗದ ಹಾಗೆ, ಸಂಜೆ ಒಂದು ತಾಸು ಒಬ್ಬಳೇ ಕೂರುವುದು ಹೇಗೆ? ಮೂವತ್ತೊಂದು ಉತ್ತರ ಬಂದವು. ಕಕ್ಕೇರಾದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಮುಷರಫ, "ಅತ್ತೆಗೇ ಒಂದು ತಾಸು ಒಬ್ಬಳೇ ಕೂರಬೇಕಿದೆಯೋ ಏನೋ, ಕೇಳಿ ನೋಡಿ" ಎಂದ. ಅವಳು ಕೇಳಿದಳು, ಅತ್ತೆಗೂ ಅದೇ ಬೇಕಾಗಿತ್ತಂತೆ! ಈಗ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಸುಖವಾಗಿದ್ದಾರೆ. ಈ ಮುಷರಫ ಮೋಟಾರಿಗೆ ಒಂದು ಕಟ್ಟಿಗೆ ಹಚ್ಚಿ, ಇನ್ನೊಂದು ತುದಿಗೆ ಕಿವಿ ಇಟ್ಟು, ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಾನೆ. ಮನುಷ್ಯರ ಜೊತೆ ಮಾತ್ರ ವಾರಕ್ಕೆ ಏಳು ಮಾತು ಆಡುತ್ತಿದ್ದನಂತೆ. ಗುಂಪು ಸೇರಿದ ಮೇಲೆ ಎಣಿಸುವುದನ್ನು ಬಿಟ್ಟಿದ್ದಾನೆ.

ಇಷ್ಟೆಲ್ಲ ಇದ್ದರೂ ಅಲ್ತಾಫ್ ನನ್ನನ್ನು ನೋಡಿ, "ಫೋನ್ ಮೇ ಕೇ ಲೋಗಾಂ, ಲೋಗಾಂಚ್ ನೈ ಆಪಾ" ಅನ್ನುತ್ತಾನೆ. ಫೋನಿನೊಳಗಿನ ಮಂದಿ ಮಂದಿಯೇ ಅಲ್ಲವಂತೆ. ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಹೆದರಿಕೆ ಬಂತು. ಅವನು ಹೇಳುವುದು ನಿಜವಾಗಿದ್ದರೆ? ಒಂದು ಸಲ ಎಲ್ಲರನ್ನೂ ಕಣ್ಣಾರೆ ನೋಡಬೇಕು ಕಾಕಾ. ಜನವರಿಯಲ್ಲಿ, ಬಿಸಿಲು ಹದವಾಗಿರುವಾಗ, ಒಂದು ಸಭೆ. ಎಲ್ಲಿ, ಯಾವ ಬಸ್ಸು ಎಂಬುದನ್ನು ನಿಮಗಿಂತ ಬಲ್ಲವರು ಯಾರಿದ್ದಾರೆ?

ಉತ್ತರಕ್ಕೆ ಅವಸರವಿಲ್ಲ ಎಂದು ಸುಳ್ಳು ಹೇಳುವುದಿಲ್ಲ,
ಉಮೆಸಲ್ಮಾ


ಸುರಪುರ
6 ಡಿಸೆಂಬರ್ 2025, ಶನಿವಾರ

ತಂಗಿ ಉಮೆಸಲ್ಮಾ,

ಪತ್ರಕ್ಕೆ ಎಂಟು ವಾರ ಹಿಡಿಯಿತು. ಆರು ವಾರ ಬಸ್ಸಿಗೆ, ಎರಡು ವಾರ ಧೈರ್ಯಕ್ಕೆ.

ಸ್ಥಳ ವನದುರ್ಗದ ಕೋಟೆ ಆಗಲಿ. ಮೂರು ಸಲ ಹೋಗಿ ನೋಡಿ ಬಂದೆ. ಒಳಗೆ ಬಯಲಿದೆ, ನೆರಳಿದೆ, ಧ್ವನಿವರ್ಧಕ ಇಲ್ಲ. ಮುಖ್ಯವಾಗಿ ಮೂಲೆಗಳು ಬಹಳ ಇವೆ. ಭಾನುವಾರ ಕೋಟೆ ನೋಡಲು ಬರುವವರು ನಾಲ್ಕಾರು ಮಂದಿ ಮಾತ್ರ.

ಬಸ್ಸಿನ ಪಟ್ಟಿ ಪ್ರತ್ಯೇಕ ಹಾಳೆಯಲ್ಲಿದೆ. ಯಾದಗಿರಿ, ವಡಗೇರಾ, ಕಕ್ಕೇರಾ, ಸುರಪುರ, ಎಲ್ಲ ಕಡೆಯಿಂದ. ಪ್ರತಿ ಊರಿಗೂ ಎರಡು ಬಸ್ಸು ಕೊಟ್ಟಿದ್ದೇನೆ, ಒಂದು ಬೇಗ ತಲುಪುವುದು, ಇನ್ನೊಂದು ತಡವಾದರೂ ಖಾಲಿ ಇರುವುದು. ನಮ್ಮ ಮಂದಿ ಎರಡನೆಯದನ್ನೇ ಹತ್ತುತ್ತಾರೆ.

ರೇಣುಕಾದೇವಿ ಪಕ್ಕದಲ್ಲಿ ಕೂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಆ ಹುಡುಗಿಗೆ ಪತ್ರ ಬರಿಯಾಕ ಇಷ್ಟ ಹಾಳಿ ಹರದೀರಿ, ನನಗ ಲಗ್ನದ ಹೊಸದಾಗ ಒಂದ್ ಚೀಟಿ ಬರದಿಲ್ಲ." ಅವಳಿಗೆ ನಿಮ್ಮ ಮೇಲೆ ಬಹಳ ಅಕ್ಕರೆ ಎಂದು ಇದರ ಅರ್ಥ.

ನಾನು ಬರುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಐವತ್ತೆಂಟು ಮಂದಿ ಎಂದರೆ ಒಂದು ಬಸ್ಸು ತುಂಬಿ ನಾಲ್ವರು ನಿಲ್ಲಬೇಕು.

ಪಟ್ಟಿಯ ಹೊಣೆಗಾರ,
ಬಸವಂತ್ರಾಯ


ಶಹಾಪುರ
10 ಜನವರಿ 2026

ಕಾಕಾ,

ನಿಮ್ಮ ಪಟ್ಟಿಗೆ ಗುಂಪಿನಲ್ಲಿ ನಲವತ್ತು ಮಂದಿ ಹೃದಯದ ಗುರುತು ಹಾಕಿದ್ದಾರೆ. ಒಬ್ಬಳು ಅದನ್ನು ಗೋಡೆಗೆ ಹಚ್ಚಿಕೊಂಡಿದ್ದಾಳೆ.

ಸಭೆ ಮುಂದಿನ ಭಾನುವಾರ, ಹದಿನೆಂಟನೇ ತಾರೀಖು, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಗುರುತಿಗೆ ಹಸಿರು ರಿಬ್ಬನ್ ಕಟ್ಟೋಣ ಎಂದೆ, ಮತಕ್ಕೆ ಹಾಕಿದರೆ ಸೋತುಹೋಯಿತು. ಚುಚ್ಚುತ್ತದೆ ಎಂದು ಹತ್ತೊಂಬತ್ತು ಮಂದಿ, ಜನ ನೋಡುತ್ತಾರೆ ಎಂದು ಹದಿನಾಲ್ಕು. ಕೊನೆಗೆ ಒಪ್ಪಿದ್ದು ಇಷ್ಟು. ಫೋನ್ ಬಂದ್ ಮಾಡಬೇಕು. ಯಾರ ಹೆಸರನ್ನೂ ಕೇಳಬಾರದು. ಮಾತು ಬೇಕೆನಿಸಿದರೆ ಆಡಬಹುದು, ಬೇಡವೆನಿಸಿದರೆ ಸುಮ್ಮನೆ ಕೂತಿರಬಹುದು, ಅದೂ ಸಭೆಯೇ.

ನೀವು ಬಂದರೆ ಸಂತೋಷ. ಬರದಿದ್ದರೆ ಕಾರಣ ಬರೆಯಬೇಕಿಲ್ಲ. ಆದರೂ ಬನ್ನಿ ಕಾಕಾ.

ಈ ವಾರ ಸರಿಯಾಗಿ ಊಟ ಮಾಡದವಳು,
ಉಮೆಸಲ್ಮಾ


ಶಹಾಪುರ
21 ಜನವರಿ 2026, ಬುಧವಾರ

ಕಾಕಾ,

ಯಾರೂ ಬರಲಿಲ್ಲ.

ನಾನು ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಕೋಟೆಯ ಬಾಗಿಲ ಕಲ್ಲಿನ ಮೇಲೆ ಕೂತೆ. ಹನ್ನೆರಡೂವರೆಯವರೆಗೆ ಕೂತೆ. ಕೋಟೆ ನೋಡುವವರು ಒಬ್ಬೊಬ್ಬರಾಗಿ ಬಂದರು, ನನ್ನ ಪಕ್ಕದಿಂದಲೇ ಒಳಗೆ ಹೋದರು, ಹೊರಗೆ ಬಂದರು. ಪ್ರತಿಯೊಬ್ಬರ ಮುಖವನ್ನೂ ನೋಡಿದೆ. ಒಬ್ಬರೂ ನನ್ನ ಮುಖ ನೋಡಲಿಲ್ಲ. ನಮ್ಮವರು ಬಂದರೆ ನಾಲ್ಕು ಕಡೆ ಕಣ್ಣಾಡಿಸಿ ಹುಡುಕುತ್ತಾರೆ, ಒಂದು ಕಡೆ ಸೇರುತ್ತಾರೆ ಎಂದುಕೊಂಡಿದ್ದೆ. ಅಂಥವರು ಯಾರೂ ಇರಲಿಲ್ಲ.

ಮನೆಗೆ ಬಂದವಳೇ ಗುಂಪಿಗೆ ಬರೆದೆ: "ಇಂದು ಯಾರೂ ಬರಲಿಲ್ಲ. ಕಾರಣ ಹೇಳಬೇಡಿ. ಈ ವಿಷಯದ ಮಾತು ಇಲ್ಲಿಗೇ ಸಾಕು." ಅದಾದ ಮೇಲೆ ಮೂರು ದಿನದಿಂದ ಗುಂಪಿನಲ್ಲಿ ಒಬ್ಬರೂ ಒಂದಕ್ಷರ ಬರೆದಿಲ್ಲ. ಬಾವಿಗೆ ಕಲ್ಲು ಹಾಕಿದರೆ ಸದ್ದಾದರೂ ಬರುತ್ತದೆ.

ಅಲ್ತಾಫ್ ಹೀಯಾಳಿಸಲಿಲ್ಲ. ತಟ್ಟೆಗೆ ಊಟ ಹಾಕಿ ತಂದು ಪಕ್ಕದಲ್ಲಿಟ್ಟು ಹೋದ. ಅವನು ಹೀಯಾಳಿಸಿದ್ದರೆ ಚೆನ್ನಾಗಿತ್ತು. ಅಮ್ಮ, "ನಕ್ಕೋ ಬೇಟಾ, ಬಿಟ್ಟುಬಿಡು" ಎಂದು ತಲೆ ಸವರಿದಳು. ನಾನು ಏಳು ತಿಂಗಳು ಗೋಡೆಯ ಜೊತೆ ಮಾತಾಡಿದೆ, ಗೋಡೆಯ ಪರವಾಗಿ ನಾನೇ ಉತ್ತರ ಬರೆದುಕೊಂಡೆ ಅನ್ನಿಸುತ್ತಿದೆ. ಬಹಳ ನಾಚಿಕೆಯಾಗಿದೆ ಕಾಕಾ. ಭಾನುವಾರ, ಇಪ್ಪತ್ತೈದರಂದು, ಸಂಜೆ ಆರಕ್ಕೆ ಗುಂಪು ಮುಚ್ಚುತ್ತೇನೆ. ನಿಮಗೆ ಫೋನಿನಲ್ಲಿ ತಿಳಿಯುವುದಿಲ್ಲವಲ್ಲ, ಆದ್ದರಿಂದ ಈ ಪತ್ರ.

ನೀವೂ ಬರಲಿಲ್ಲ. ಕಾರಣ ಕೇಳುತ್ತಿಲ್ಲ.

ಉಮೆಸಲ್ಮಾ


ಶಹಾಪುರ ಬಸ್ ನಿಲ್ದಾಣ, ಮೂರನೇ ಬೆಂಚು
25 ಜನವರಿ 2026, ಭಾನುವಾರ, ಮಧ್ಯಾಹ್ನ 3.05

ತಂಗಿ ಉಮೆಸಲ್ಮಾ,

ನಿಮ್ಮ ಪತ್ರ ನಿನ್ನೆ ಸಂಜೆ ಬಂತು. ಇಂದು ಅಂಚೆ ಇಲ್ಲ, ನಾಳೆ ಗಣರಾಜ್ಯೋತ್ಸವ. ನಿಮ್ಮ ಫೋನ್ ನಂಬರು ಚೀಟಿಯಲ್ಲೂ ಇಲ್ಲ, ಪತ್ರದಲ್ಲೂ ಇಲ್ಲ. ಆದ್ದರಿಂದ ನಾನೇ ತಂದುಕೊಡುತ್ತಿದ್ದೇನೆ. ಅಪರಿಚಿತರ ಬಾಗಿಲು ನಾನು ಜನ್ಮದಲ್ಲಿ ಬಡಿದವನಲ್ಲ. "ಬಾಗಿಲಾ ಬಡಿಯೂದು, ಕಾಗದಾ ಕೊಡೂದು, ತಿರುಗಿ ಬರೂದು. ಟಪಾಲಿನವ ದಿನಾ ಮಾಡ್ತಾನ" ಎಂದು ಹೇಳಿ ರೇಣುಕಾದೇವಿ ನನ್ನನ್ನು ಬಸ್ಸು ಹತ್ತಿಸಿದಳು.

ತಂಗಿ, ನಾನು ಬಂದಿದ್ದೆ. 9.41ರಿಂದ 12.35ರವರೆಗೆ ಬುರುಜಿನ ಮೇಲಿನ ಮೆಟ್ಟಿಲಲ್ಲಿದ್ದೆ. ಅಲ್ಲಿಂದ ಎಲ್ಲ ಮೂಲೆಯೂ ಕಾಣುತ್ತದೆ. ಮಾತು ಬೇಡವೆನಿಸಿದರೆ ಸುಮ್ಮನೆ ಕೂತಿರಿ, ಅದೂ ಸಭೆಯೇ ಎಂದು ನೀವು ಬರೆದಿದ್ದಿರಿ. ನಾನು ಸುಮ್ಮನೆ ಕೂತೆ. ಎಲ್ಲರೂ ಸುಮ್ಮನೆ ಕೂತರು. ಎರಡು ತಾಸು ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾದ ಸಭೆ ನಾನು ನೋಡಿರಲಿಲ್ಲ. ಮನೆಗೆ ಹೋಗಿ ರೇಣುಕಾದೇವಿಗೆ, ಸಭೆ ಬಹಳ ಚೆನ್ನಾಗಿ ಆಯಿತು ಎಂದೆ. ನಿಮ್ಮ ಪತ್ರ ಓದುವವರೆಗೆ ಹಾಗೇ ತಿಳಿದಿದ್ದೆ.

ನನ್ನ ಪುಸ್ತಕದಿಂದ ನಕಲು ಮಾಡಿದ್ದೇನೆ:

9.52. ನೀಲಿ ಅಂಗಿಯ ಗಂಡಸು. ಕಿವಿಗೆ ದಪ್ಪ ಮುಚ್ಚಳ. ಬುರುಜಿನ ಹಿಂದಿನ ನೆರಳಿನಲ್ಲಿ ಒಂದು ಸಣ್ಣ ಮೋಟಾರು ಬಿಚ್ಚಿ ಮತ್ತೆ ಜೋಡಿಸಿದ, ಆರು ಸಲ.

10.03. ಹಸಿರು ಸೀರೆಯ ಹೆಣ್ಣುಮಗಳು. ಪೂರ್ವದ ಗೋಡೆಯ ಕಲ್ಲು ಎಣಿಸಿದಳು. ನಡುವೆ ಯಾರೋ ಅಡ್ಡ ಬಂದರು, ಮತ್ತೆ ಮೊದಲಿನಿಂದ ಎಣಿಸಿದಳು.

10.11. ಇಬ್ಬರು ತರುಣರು, ಒಂದೇ ಬಸ್ಸಿನಿಂದ. ಒಬ್ಬ ಎಡಮೂಲೆಗೆ ಹೋದ, ಒಬ್ಬ ಬಲಮೂಲೆಗೆ.

10.20. ಗಡ್ಡದ ಹಿರಿಯರು. ಬೇವಿನ ಮರಕ್ಕೆ ಸುತ್ತು ಹಾಕಿದರು. ನಲವತ್ತರವರೆಗೆ ನಾನು ಎಣಿಸಿದೆ.

10.24. ಕನ್ನಡಕದ ಹುಡುಗಿ. ಪುಸ್ತಕ ತಲೆಕೆಳಗಾಗಿ ಹಿಡಿದು ಓದಿದಳು, ಪುಟ ಮಾತ್ರ ಸರಿಯಾಗಿ ತಿರುವುತ್ತಿದ್ದಳು.

ಮುಂದಿನ ನಾಲ್ವರ ವಿವರ ಈ ಹಾಳೆಯ ಹಿಂಬದಿಯಲ್ಲಿದೆ.

11.38. ಓಡುತ್ತ ಬಂದ ಒಬ್ಬ. ಎರಡು ಕಾಲಿಗೆ ಎರಡು ನಮೂನೆ ಚಪ್ಪಲಿ. ನಿಂತ, ಕೂತ, ಮತ್ತೆ ನಿಂತ. ಹನ್ನೆರಡಕ್ಕೆ ಓಡಿಯೇ ಹೋದ.

ನನ್ನನ್ನು ಬಿಟ್ಟು ಹನ್ನೊಂದು ಮಂದಿ. ನಾನು ಕೊಟ್ಟ ಎರಡನೇ ಬಸ್ಸುಗಳ ವೇಳೆಗೇ ಬಂದರು, ಆದ್ದರಿಂದ ಇವರು ನಮ್ಮವರು.

ಇನ್ನೊಬ್ಬಳು ಇದ್ದಳು, ನಮ್ಮವಳಲ್ಲ. ನೇರಳೆ ದುಪಟ್ಟಾ. 9.50ರಿಂದ ಬಾಗಿಲಲ್ಲಿ ಕೂತು ಬಂದವರ ಮುಖವನ್ನೆಲ್ಲ ದಿಟ್ಟಿಸಿ ನೋಡುತ್ತಿದ್ದಳು, ಪ್ರತಿ ಸಲವೂ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು. ನಮ್ಮ ಮಂದಿ ಹಾಗೆ ಮುಖ ನೋಡುವುದಿಲ್ಲ. ಯಾರದೋ ದಾರಿ ಕಾಯುತ್ತಿದ್ದಳು, ಪಾಪ. ಅವರು ಬಂದಂತೆ ಕಾಣಲಿಲ್ಲ. ಹೋಗುವಾಗ ಅವಳು ಅಳುತ್ತಿದ್ದಳು, ಅದನ್ನೂ ಬರೆದಿದ್ದೇನೆ.

ಹನ್ನೊಂದರಲ್ಲಿ ನೀವು ಯಾರು ಎಂದು ನನಗೆ ತಿಳಿಯಲಿಲ್ಲ. ಕನ್ನಡಕದ ಹುಡುಗಿ ಎಂದು ನನ್ನ ಅಂದಾಜು.

ಗುಂಪು ಮುಚ್ಚಬೇಡಿ. ನಾನು ಇನ್ನೆಲ್ಲಿಗೆ ಬರೆಯಲಿ?

ಬಸವಂತ್ರಾಯ


ಮನೆಯೊಳಗಿನಿಂದ
ಅದೇ ದಿನ, 4.15

ಕಾಕಾ,

ನೀವು ಕಾಗದ ಕೊಟ್ಟು ತಿರುಗಿ ಹೋಗದೆ ಕಟ್ಟೆಯ ಮೇಲೆ ಕೂತಿದ್ದೀರಿ ಎಂದು ಅಮ್ಮ ಹೇಳಿದಳು. ನಾನು ಹೊರಗೆ ಬರಬೇಕು. ಮಾತು ಬಾಯಿಗೆ ಬರುತ್ತಿಲ್ಲ. ಬರೆಯುವುದು ಮಾತ್ರ ಆಗುತ್ತಿದೆ.

ಪಟ್ಟಿಯನ್ನು ಗುಂಪಿಗೆ ಹಾಕಲೇ? ನೀವು ಗೆರೆ ಎಳೆದಿಲ್ಲ.

ಉಮೆಸಲ್ಮಾ


ಹೊರಗಿನ ಕಟ್ಟೆ
4.31

ತಂಗಿ,

ಹೊರಗೆ ಬರಬೇಕಿಲ್ಲ. ನನಗೂ ಹೀಗೆಯೇ ಅನುಕೂಲ.

ಪಟ್ಟಿ ಹಾಕಬಹುದು, ಎಲ್ಲಕ್ಕೂ ಗೆರೆ ಎಳೆದಿದ್ದೇನೆ ಎಂದೇ ತಿಳಿಯಿರಿ. ನೇರಳೆ ದುಪಟ್ಟಾದ ಹೆಣ್ಣುಮಗಳು ಅತ್ತದ್ದನ್ನು ಮಾತ್ರ ಬಿಡಿ, ಅದು ಅವಳ ವಿಷಯ.

ನಿಮ್ಮ ತಾಯಿ ಎರಡು ಸಲ ಚಹಾ ಕೊಟ್ಟರು. ನಿಮಗೆ ಬರೆಯಲು ಈ ಕಾಗದ ಕೇಳಿದ್ದಕ್ಕೆ, "ಇಬ್ಬರಿಗೂ ಅಲ್ಲಾ ಬಾಯಿ ಕೊಟ್ಟಾನ, ನನಗ್ಯಾಕ ಟಪಾಲಿನ ಕೆಲಸ ಹಚ್ಚೀರಿ?" ಎಂದರು. ಬೈಗುಳವೋ ತಮಾಷೆಯೋ ತಿಳಿಯದೆ ಕ್ಷಮೆ ಕೇಳಿದೆ. ಅವರು ನಕ್ಕರು.

ಸುರಪುರದ ಕೊನೆಯ ಖಾಲಿ ಬಸ್ಸು 6.40ಕ್ಕೆ. ಅಲ್ಲಿಯವರೆಗೆ ಇರುತ್ತೇನೆ.

ಬಸವಂತ್ರಾಯ


ಮನೆಯೊಳಗಿನಿಂದ
6.08

ಕಾಕಾ,

ಪಟ್ಟಿಯನ್ನು 4.50ಕ್ಕೆ ಹಾಕಿದೆ. ಕೆಳಗೆ, "ಇವರಲ್ಲಿ ಯಾರಾದರೂ ಇಲ್ಲಿದ್ದೀರಾ?" ಎಂದು ಕೇಳಿದೆ. ಹತ್ತು ನಿಮಿಷ ಏನೂ ಇಲ್ಲ. ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಅಡುಗೆ ಮನೆಯಲ್ಲಿ ಅತ್ತಿತ್ತ ನಡೆದೆ.

ಮೊದಲು ಮುಷರಫ ಬರೆದ. "9.52 ನಾನು. ಆರು ಸಲ ಅಲ್ಲ, ಏಳು ಸಲ." ಮೌನಮ್ಮ ಬರೆದಳು, "ಹಸಿರು ಸೀರೆ ನಾನು. ಪೂರ್ವದ ಗೋಡೆ ಮುಗಿಯಲಿಲ್ಲ, ಇನ್ನೊಮ್ಮೆ ಹೋಗಬೇಕು." ಎಡಮೂಲೆಯವನೂ ಬಲಮೂಲೆಯವನೂ ಒಂದೇ ನಿಮಿಷದಲ್ಲಿ ಬರೆದರು. ದಿನಾ ರಾಮಾಯಣ ಮಹಾಭಾರತದಷ್ಟು ಗುಂಪಿನಲ್ಲಿ ಹರಟುವ ಜೋಡಿ ಅದು, ಒಂದೇ ಬಸ್ಸಿನಲ್ಲಿ ಬಂದು ಒಬ್ಬರನ್ನೊಬ್ಬರು ಗುರುತಿಸಿಲ್ಲ! ಯಾದಗಿರಿಯ ಗಯಾಸ ದನಿ ಕಳಿಸಿದ. ಟೈಲ್ಸ್ ಕೂರಿಸುವವನು, ಓದಲು ಬಾರದು. ಮಗಳು ಓದಿ ಹೇಳಿದ್ದಳಂತೆ. "ಚಪ್ಪಲಿ ನಂದರಿ. ಯಾರೂ ನೋಡಿಲ್ಲಂತ ಮಾಡಿದ್ದೆ." ಹಾಗೆ ಹನ್ನೊಂದು ಮಂದಿಯೂ ಬಂದರು. ಐದು ಮಂದಿ ನಿಮ್ಮ ಹಾಗೆಯೇ, ಸಭೆ ಬಹಳ ಚೆನ್ನಾಗಿತ್ತು ಎಂದುಕೊಂಡಿದ್ದರಂತೆ. ಉಳಿದವರು ತಾವೊಬ್ಬರೇ ಬಂದದ್ದು ಎಂದುಕೊಂಡಿದ್ದರು.

ಮತ್ತೆ ಯಾಕೆ ಒಬ್ಬರೂ ಹೇಳಲಿಲ್ಲ ಎಂದು ಕೇಳಿದೆ. "ಈ ವಿಷಯದ ಮಾತು ಸಾಕು ಅಂದಿದ್ದಿರಿ" ಎಂದು ಏಳು ಮಂದಿ ಬರೆದರು. ಬೇರೆ ಯಾವ ಗುಂಪಿನಲ್ಲಾದರೂ ಹೀಗೆ ಮಾತು ಕೇಳುತ್ತಾರೆಯೇ? ಕನ್ನಡಕದ ಹುಡುಗಿ ಬರೆದದ್ದು ನನ್ನ ಎದೆಗೆ ನಾಟಿತು: "ಯಾರೂ ಬರಲಿಲ್ಲ ಎಂದು ನೀವು ಬರೆದಿರಿ. ನಾನು ಬಂದದ್ದು ಬಂದ ಹಾಗೆ ಅಲ್ಲ ಎಂದುಕೊಂಡೆ." ಅವಳ ಕ್ಷಮೆ ಕೇಳಿದ್ದೇನೆ. ಎಲ್ಲರದೂ ಕೇಳಿದ್ದೇನೆ. ಐವತ್ತೆಂಟು ಮಂದಿಗೆ ಮನೆ ಕಟ್ಟಲು ಹೊರಟು, ನನ್ನ ಮನಸ್ಸಿನಲ್ಲಿದ್ದ ಸಭೆಯೊಂದೇ ಸಭೆ ಎಂದುಕೊಂಡೆನಲ್ಲ ಕಾಕಾ.

ಆರು ಗಂಟೆ ದಾಟಿ ಎಂಟು ನಿಮಿಷವಾಗಿದೆ. ಗುಂಪು ಮುಚ್ಚಿಲ್ಲ. ಮುಂದಿನ ಸಭೆ ಯಾವಾಗ ಎಂದು ಜಗಳ ನಡೆದಿದೆ. ಅಲ್ತಾಫ್ ನನ್ನ ಹೆಗಲ ಮೇಲಿಂದ ಎಲ್ಲ ಓದಿ, ನಿಮ್ಮನ್ನು ಬಸ್ ನಿಲ್ದಾಣಕ್ಕೆ ಬಿಡಲು ಗಾಡಿ ತೆಗೆಯುತ್ತಿದ್ದಾನೆ. ಅಮ್ಮ ರೇಣುಕಾ ಕಾಕಿಗೆ ಕಟ್ಟಿಕೊಟ್ಟದ್ದನ್ನು ಮರೆಯದೆ ಒಯ್ಯಿರಿ.

ಇಷ್ಟಾದ ಮೇಲೆ ಮೌನಮ್ಮ ಕೇಳಿದಳು, "ಆ ನೇರಳೆ ದುಪಟ್ಟಾದ ಅಕ್ಕನನ್ನು ನಾನೂ ನೋಡಿದೆ. ಒಬ್ಬಳೇ ಕೂತಿದ್ದಳು. ಅವಳ ಕಡೆಯವರು ಕೊನೆಗೂ ಬಂದರೇನು?"

ನಾನು ಬರೆದೆ, "ಅದು ನಾನು. ಬಂದಿದ್ದರು, ಹನ್ನೆರಡು ಮಂದಿ."

ನಿಮ್ಮ,
ಉಮೆಸಲ್ಮಾ